‘ದಿ ಡಾರ್ಕ್ ಟವರ್’: ಎಲ್ಲಿಂದ ಶುರು ಮಾಡಬೇಕು, ಎಲ್ಲೆಲ್ಲಿ ಕೈಬಿಡುತ್ತೀರಿ

‘ಇದರಲ್ಲಿ ಮೊದಲನೆಯದು ಯಾವುದು? ನಾಲ್ಕನೆಯದು ಅಗ್ಗಕ್ಕೆ ಸಿಕ್ಕಿತು, ಅದರಿಂದಲೇ ಶುರು ಮಾಡಲಾ? ಮೊದಲ ಭಾಗ ಐವತ್ತು ಪುಟ ಓದಿದೆ, ತಲೆಬುಡ ಅರ್ಥವಾಗಲಿಲ್ಲ, ಬಿಡಲಾ?’ ಅಮೆರಿಕದ ಕಾದಂಬರಿಕಾರ ಸ್ಟೀಫನ್ ಕಿಂಗ್‌ನ ‘ದಿ ಡಾರ್ಕ್ ಟವರ್’ ಕಾದಂಬರಿ ಸರಣಿಯ ಬಗ್ಗೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಈ ಮೂರೇ. ಎರಡನೆಯ ಪ್ರಶ್ನೆಗೆ ಬೇಡ ಎಂಬುದೇ ಉತ್ತರ. ಮೂರನೆಯದಕ್ಕೆ, ಸ್ವಲ್ಪ ತಾಳಿ. ಮೊದಲನೆಯದಕ್ಕೆ ಮಾತ್ರ ಒಂದು ಲೇಖನವೇ ಬೇಕಾಗುತ್ತದೆ, ಯಾಕೆಂದರೆ ‘ಮೊದಲನೆಯ ಪುಸ್ತಕ’ದಲ್ಲೇ ಎರಡು ಬಗೆ ಇವೆ.

ಲೆಕ್ಕ ಮೊದಲು ಹೇಳಿಬಿಡುತ್ತೇನೆ. ಒಟ್ಟು 8 ಪುಸ್ತಕ, ಸುಮಾರು 4,250 ಪುಟ, 13 ಲಕ್ಷ ಚಿಲ್ಲರೆ ಪದ. ದಿನಕ್ಕೆ 20 ಪುಟದಂತೆ ಓದಿದರೆ ಏಳು ತಿಂಗಳು. ಮೂರು ವಾರದಲ್ಲಿ ಮುಗಿಸುತ್ತೇನೆ ಎಂದು ಹೊರಟವರು ಸಾಮಾನ್ಯವಾಗಿ ನಾಲ್ಕನೆಯದರ ನಡುವೆ ಕೂತುಬಿಡುತ್ತಾರೆ.

1. ಇದು ನಿಮಗೆ ಹಿಡಿಸುವ ಬಗೆಯೇ, ಮೊದಲು ನೋಡಿಕೊಳ್ಳಿ

ಪ್ರಳಯದ ನಂತರದ ಕಥೆ ಎಂದ ಕೂಡಲೇ ಬಾಂಬು, ಹೊಗೆ, ಗ್ಯಾಸ್ ಮಾಸ್ಕ್ ಕಣ್ಣಮುಂದೆ ಬಂದರೆ ಅದನ್ನು ಪಕ್ಕಕ್ಕಿಡಿ. ಇಲ್ಲಿ ಲೋಕ ಒಂದೇ ಏಟಿಗೆ ಸತ್ತಿಲ್ಲ, ಸವೆಯುತ್ತಾ ಬಂದಿದೆ. ಸೂರ್ಯ ಸರಿಯಾಗಿ ಪಶ್ಚಿಮದಲ್ಲೇ ಮುಳುಗುತ್ತಾನೆ ಎಂಬ ಭರವಸೆಯಿಲ್ಲ. ಊರಿನಿಂದ ಊರಿಗೆ ಇರುವ ದೂರ ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತದೆ. ಇದಕ್ಕೆ ಆ ಲೋಕದ ಜನ ‘ಲೋಕ ಮುಂದೆ ಸರಿದುಹೋಗಿದೆ’ ಎಂಬ ಒಂದು ಮಾತು ಹೇಳುತ್ತಲೇ ಇರುತ್ತಾರೆ. ನಮ್ಮ ಹಳ್ಳಿಯ ಹಿರಿಯರು ಜಗಲಿಯ ಮೇಲೆ ಕೂತು ‘ಕಾಲ ಕೆಟ್ಟೋಯ್ತು ಕಣಪ್ಪಾ’ ಅನ್ನುತ್ತಾರಲ್ಲ, ಅದೇ ಧಾಟಿ, ಅದೇ ನಿಟ್ಟುಸಿರು. ಒಂದೇ ವ್ಯತ್ಯಾಸವೆಂದರೆ ಅಲ್ಲಿ ಆ ಮಾತು ಅಕ್ಷರಶಃ ನಿಜ.

ಸರಣಿಯ ಸೆಳೆತ ಇರುವುದು ಈ ಸವೆತದಲ್ಲಿ. ಮೊದಲ ಪುಸ್ತಕದಲ್ಲಿ, ಕಪ್ಪು ಗೋಪುರವೊಂದನ್ನು ಹುಡುಕಿ ಹೊರಟ ಕಥಾನಾಯಕ ರೋಲೆಂಡ್ ಮರುಭೂಮಿಯ ನಡುವೆ ನೀರಿಲ್ಲದೆ ಸಾಯುವ ಸ್ಥಿತಿಯಲ್ಲಿ ಒಂದು ಹಾಳು ತಂಗುದಾಣ ತಲುಪುತ್ತಾನೆ. ಅಲ್ಲೊಂದು ಪಂಪು. ಅಣುಶಕ್ತಿಯಿಂದ ಓಡುವಂಥದ್ದು, ಯಾವ ಕಾಲದ್ದೋ ಗೊತ್ತಿಲ್ಲ, ಇನ್ನೂ ನೀರು ಎತ್ತುತ್ತದೆ. ಮಾಡಿದವರ ಸುಳಿವಿಲ್ಲ, ರಿಪೇರಿ ಬಲ್ಲವರು ಯಾರೂ ಉಳಿದಿಲ್ಲ. ಇನ್ನೊಂದು ಕಡೆ ಜನ ಒಂದು ಪೆಟ್ರೋಲ್ ಪಂಪನ್ನೇ ದೇವರೆಂದು ಪೂಜಿಸುತ್ತಿದ್ದರು ಎಂಬ ಸುದ್ದಿ ಬರುತ್ತದೆ. ನಾವು ಆಯುಧಪೂಜೆಗೆ ಓಡುವ ಸ್ಕೂಟರಿಗೆ ಕುಂಕುಮ ಹಚ್ಚಿ ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತೇವೆ, ಅವರು ಸತ್ತ ಯಂತ್ರಕ್ಕೆ ಕೈಮುಗಿಯುತ್ತಾರೆ. ನಗಬೇಕೋ ಹೆದರಬೇಕೋ ತಿಳಿಯದ ಈ ಜಾಗ ನಿಮಗೆ ರುಚಿಸಿದರೆ ಸರಣಿ ನಿಮ್ಮದು. ಹಂಪಿಯಲ್ಲಿ ಗೈಡ್ ಹೇಳಿದ್ದಕ್ಕಿಂತ ಗೈಡ್ ಬಿಟ್ಟುಹೋದ ಕಲ್ಲುಗಳನ್ನು ಹೆಚ್ಚು ಹೊತ್ತು ನೋಡುವವರಿಗೂ ಇದು ಸೇರುತ್ತದೆ.

ಸೇರದವರು ಯಾರು? ಪ್ರತಿಯೊಂದಕ್ಕೂ ನಿಯಮ, ನಕ್ಷೆ, ವಂಶವೃಕ್ಷ ಬಯಸುವವರು. ಹಿಂಸೆ, ಲೈಂಗಿಕತೆ, ಬೈಗುಳ ಬೇಡ ಅನ್ನುವವರಿಗೂ ಇದು ಬೇಡ, ಮನೆಯ ಸಣ್ಣ ಮಕ್ಕಳ ಕೈಗಂತೂ ಕೊಡಲೇಬೇಡಿ. ಇದೇ ಜಾಡಿನಲ್ಲಿ ಚಿಕ್ಕದು ಬೇಕಿದ್ದರೆ ಎನ್. ಕೆ. ಜೆಮಿಸಿನ್‌ರ ‘ಬ್ರೋಕನ್ ಅರ್ತ್’ ಇದೆ. 2015ರಿಂದ 2017ರವರೆಗೆ ಬಂದ ಮೂರೇ ಪುಸ್ತಕ, ಮೂರಕ್ಕೂ ವರ್ಷವರ್ಷವೂ ಸಾಲಾಗಿ ಹ್ಯೂಗೋ ಪ್ರಶಸ್ತಿ. ಭೂಮಿಯೇ ಮುನಿದು ಮತ್ತೆ ಮತ್ತೆ ಬಿರಿಯುವ ಕಥೆ. ಅದನ್ನು ಲಾಲ್‌ಬಾಗಿನ ಬಂಡೆಯ ಮೇಲೆ ಕೂತು ಓದಿ. ನೀವು ಕೂತ ಕಲ್ಲಿಗೆ ಸುಮಾರು 300 ಕೋಟಿ ವರ್ಷ.

‘ಬರೆದವರು ಮುಗಿಸದೆ ಹೋದರೆ?’ ಎಂಬ ಭಯ ಇಲ್ಲಿ ಬೇಡ. ‘ವೀಲ್ ಆಫ್ ಟೈಮ್’ ಎಂಬ ಫ್ಯಾಂಟಸಿ ಸರಣಿ ಬರೆಯುತ್ತಿದ್ದ ರಾಬರ್ಟ್ ಜೋರ್ಡನ್ 2007ರಲ್ಲಿ ತೀರಿಕೊಂಡ ಮೇಲೆ ಕೊನೆಯ ಮೂರು ಸಂಪುಟಗಳನ್ನು ಬ್ರ್ಯಾಂಡನ್ ಸ್ಯಾಂಡರ್ಸನ್ ಪೂರೈಸಬೇಕಾಯಿತು. ಕುಮಾರವ್ಯಾಸ ಹತ್ತು ಪರ್ವಕ್ಕೆ ನಿಲ್ಲಿಸಿದ್ದನ್ನು ತಿಮ್ಮಣ್ಣ ಕವಿ ಮುಂದುವರಿಸಿದ ನಾಡಿನವರಿಗೆ ಅದೇನೂ ವಿಚಿತ್ರವಲ್ಲ. ‘ದಿ ಡಾರ್ಕ್ ಟವರ್’ ಅನ್ನು ಮಾತ್ರ ಕಿಂಗ್ ತಾನೇ ಮುಗಿಸಿದ್ದಾನೆ.

2. ಕ್ರಮ ಬರೆದಿಟ್ಟುಕೊಳ್ಳಿ

‘ದಿ ಗನ್‌ಸ್ಲಿಂಗರ್’ (1982), ‘ದಿ ಡ್ರಾಯಿಂಗ್ ಆಫ್ ದಿ ತ್ರೀ’ (1987), ‘ದಿ ವೇಸ್ಟ್ ಲ್ಯಾಂಡ್ಸ್’ (1991), ‘ವಿಝರ್ಡ್ ಅಂಡ್ ಗ್ಲಾಸ್’ (1997), ‘ವುಲ್ವ್ಸ್ ಆಫ್ ದಿ ಕ್ಯಾಲಾ’ (2003), ‘ಸಾಂಗ್ ಆಫ್ ಸುಸಾನಾ’ (2004), ಕೊನೆಗೆ ಸರಣಿಯ ಹೆಸರನ್ನೇ ಹೊತ್ತ ‘ದಿ ಡಾರ್ಕ್ ಟವರ್’ (2004).

ಎಂಟನೆಯದು ‘ದಿ ವಿಂಡ್ ಥ್ರೂ ದಿ ಕೀಹೋಲ್’, 2012ರದ್ದು. ಕಥೆಯ ಕಾಲದಲ್ಲಿ ಅದು ನಾಲ್ಕು ಮತ್ತು ಐದರ ನಡುವೆ ಬರುವುದರಿಂದ ‘ನಾಲ್ಕೂವರೆ’ ಅನ್ನುವ ರೂಢಿ. ಅಲ್ಲೇ ಓದಬಹುದು, ತಪ್ಪಿಲ್ಲ. ಆದರೆ ನಾಲ್ಕನೆಯದು ಅದಾಗಲೇ ಹಿಂದಿನ ಕಥೆಯಲ್ಲಿ ಮುಳುಗಿಸಿರುತ್ತದೆ, ಅದರ ಬೆನ್ನಿಗೆ ಇನ್ನೊಂದು ಹಿಂದಿನ ಕಥೆ ಎಂದರೆ ಪಯಣ ನಿಂತೇ ಹೋಗುತ್ತದೆ. ಏಳೂ ಮುಗಿದ ಮೇಲೆ ಓದಿ.

2017ರ ಸಿನಿಮಾದಿಂದ ಶುರು ಮಾಡಬೇಡಿ. ನಾಲ್ಕು ಸಾವಿರ ಪುಟದ ಲೋಕವನ್ನು ಒಂದೂವರೆ ಗಂಟೆಗೆ ಹಿಂಡಿದರೆ ಉಳಿಯುವುದು ಸಿಪ್ಪೆ. 2007ರಿಂದ ಬಂದ ಮಾರ್ವೆಲ್ ಕಾಮಿಕ್ಸ್ ಚೆನ್ನಾಗಿದೆ, ಆದರೆ ಅದು ತೊಡಗುವುದೇ ನಾಲ್ಕನೆಯ ಪುಸ್ತಕದ ಕಥೆಯಿಂದ, ಹಾಗಾಗಿ ಅದಕ್ಕೆ ಮುಂಚೆ ಮುಟ್ಟಬೇಡಿ.

3. ಪುಸ್ತಕ ಕೊಳ್ಳುವಾಗ ಒಳಗೆ ತೆರೆದು ನೋಡಿ

ಎಂ.ಜಿ. ರಸ್ತೆ ಮೆಟ್ರೋ ಇಳಿದು ಚರ್ಚ್ ಸ್ಟ್ರೀಟಿಗೆ ನಡೆಯಿರಿ. ಬ್ಲಾಸಮ್, ಬುಕ್‌ವರ್ಮ್ ಎರಡರಲ್ಲೂ ಹೊಸದರ ಜೊತೆ ಹಳೆಯ ಪ್ರತಿಗಳೂ ಇರುತ್ತವೆ. ಫ್ಯಾಂಟಸಿ ಕಪಾಟಿನಲ್ಲಿ ಕಾಣದಿದ್ದರೆ ಹಾರರ್ ಕಪಾಟಿನಲ್ಲಿ, ಕಿಂಗ್‌ನ ಉಳಿದ ಪುಸ್ತಕಗಳ ನಡುವೆ ಹುಡುಕಿ. ಅವೆನ್ಯೂ ರಸ್ತೆಗೆ ಇದಕ್ಕಾಗಿ ಅಲೆಯಬೇಡಿ, ಅಲ್ಲಿಯ ರಾಶಿಯಲ್ಲಿ ಪಠ್ಯಪುಸ್ತಕ, ಗೈಡುಗಳದ್ದೇ ಮೇಲುಗೈ.

ಎರಡು ಬಗೆಯ ‘ಮೊದಲ ಪುಸ್ತಕ’ ಎಂದೆನಲ್ಲ, ಅದು ಇಲ್ಲಿ ಎದುರಾಗುತ್ತದೆ. ಕಿಂಗ್ ಇದನ್ನು 1970ರಲ್ಲಿ, 22ನೇ ವಯಸ್ಸಿನಲ್ಲಿ ಬರೆಯಲು ತೊಡಗಿದ. 1978ರಿಂದ 1981ರವರೆಗೆ ಪತ್ರಿಕೆಯೊಂದರಲ್ಲಿ ಐದು ಬಿಡಿಕಥೆಗಳಾಗಿ ಬಂದು 1982ರಲ್ಲಿ ಪುಸ್ತಕವಾಯಿತು. ಮುಂದಿನ ಭಾಗಗಳು ಹೇಗೆ ಸಾಗುತ್ತವೆಂದು ಆಗ ಅವನಿಗೇ ಗೊತ್ತಿರಲಿಲ್ಲ. 2003ರಲ್ಲಿ ಕೂತು ಅದನ್ನು ತಿದ್ದಿದ, ತಾಳೆಯಾಗದ ಸಂಗತಿಗಳನ್ನು ಸರಿಪಡಿಸಿದ, ಸುಮಾರು ಮೂವತ್ತೈದು ಪುಟ ಸೇರಿಸಿದ. ಹೊಸ ಓದುಗರಿಗೆ ಬೇಕಾದದ್ದು ಈ ತಿದ್ದಿದ ಪಾಠ. ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಎರಡೂ ಪಕ್ಕಪಕ್ಕದಲ್ಲೇ ನಿಂತಿರಬಹುದು, ಮುಖಪುಟದಿಂದ ಗುರುತು ಹತ್ತುವುದಿಲ್ಲ. ಕಾಪಿರೈಟ್ ಪುಟದಲ್ಲಿ 2003ರ ಉಲ್ಲೇಖ ಮತ್ತು ಪರಿಷ್ಕೃತ ಎಂಬ ಮಾತು ಇದೆಯೇ ನೋಡಿ. ಒಳಪುಟದಲ್ಲಿ ‘ರಿಸಂಪ್ಷನ್’ ಎಂಬ ಒಂಟಿ ಪದ ಕಂಡರೆ ಅದು ತಿದ್ದಿದ್ದು. ವ್ಯತ್ಯಾಸ ಸಣ್ಣದಲ್ಲ. ಐದನೆಯ ಪುಸ್ತಕದಿಂದ 19 ಎಂಬ ಸಂಖ್ಯೆ ಬೆನ್ನು ಹತ್ತುತ್ತದೆ. ಅದರ ಬೀಜ ಮೊದಲ ಪುಸ್ತಕದಲ್ಲಿ ಬಿತ್ತಿರುವುದು ತಿದ್ದಿದ ಪಾಠದಲ್ಲಷ್ಟೇ.

ಒಮ್ಮೆಗೇ ಎಂಟೂ ಕೊಳ್ಳಬೇಡಿ. ಒಂದು ಮತ್ತು ಎರಡು ಒಟ್ಟಿಗೆ ಕೊಳ್ಳಿ, ಯಾಕೆಂದು ಮುಂದೆ ಹೇಳುತ್ತೇನೆ. ನಾಲ್ಕು, ಐದು, ಏಳು ಇಟ್ಟಿಗೆ ಗಾತ್ರದವು. ಸಣ್ಣ ಅಳತೆಯ ಪೇಪರ್‌ಬ್ಯಾಕ್ ಆದರೆ ಬೆನ್ನಿನ ಗೋಂದು ಒಣಗಿ ನಡುವಿನ ಪುಟಗಳು ಕಂತೆಕಂತೆಯಾಗಿ ಕಿತ್ತು ಬರುತ್ತವೆ. ಕೊಳ್ಳುವ ಮುನ್ನ ನಡುಭಾಗ ತೆರೆದು ಬೆನ್ನನ್ನು ಮೆಲ್ಲಗೆ ಬಗ್ಗಿಸಿ. ಚಟಪಟ ಸದ್ದು ಬಂದರೆ ವಾಪಸ್ ಇಡಿ.

ಚಿತ್ರಗಳಿರುವ ಆವೃತ್ತಿ ಸಿಕ್ಕರೆ ಬಿಡಬೇಡಿ, ಮೊದಲನೆಯದಕ್ಕೂ ಏಳನೆಯದಕ್ಕೂ ಮೈಕೆಲ್ ವೀಲನ್ ಬಿಡಿಸಿದ ಬಣ್ಣದ ಚಿತ್ರಗಳಿವೆ. ಆದರೆ ಏಳನೆಯದನ್ನು ಅಂಗಡಿಯಲ್ಲಿ ನಿಂತು ತಿರುವಿ ಹಾಕಬೇಡಿ. ಯಾರು ಎಲ್ಲಿಯವರೆಗೆ ಬದುಕಿರುತ್ತಾರೆ ಎಂಬುದನ್ನು ಚಿತ್ರಗಳೇ ಹೇಳಿಬಿಡುತ್ತವೆ.

4. ಐದು ಪದ ಕಲಿತು ಒಳಗೆ ಹೋಗಿ

ಪುಸ್ತಕ ಇವನ್ನು ವಿವರಿಸುವುದಿಲ್ಲ, ಬಳಸುತ್ತಾ ಹೋಗುತ್ತದೆ. ಇಂಗ್ಲಿಷ್ ಓದುಗರು ಒದ್ದಾಡುವ ಈ ಜಾಗದಲ್ಲಿ ನಮಗೆ ಒಂದು ಅನುಕೂಲವಿದೆ, ಬೇಕಾದ ಪದಗಳು ನಮ್ಮಲ್ಲಿ ಮೊದಲೇ ಇವೆ.

ಗನ್‌ಸ್ಲಿಂಗರ್: ಕೋವಿ ಹಿಡಿದ ಪುಂಡನಲ್ಲ. ಆರ್ಥರ್ ಎಲ್ಡ್ ಎಂಬ ಪುರಾತನ ರಾಜನ ಪರಂಪರೆಯ, ವ್ರತ ಹಿಡಿದ ಯೋಧ. ಕ್ಷತ್ರಿಯ ಅಂದುಕೊಂಡರೆ ಹತ್ತಿರ. ರೋಲೆಂಡ್ ಅವರಲ್ಲಿ ಕೊನೆಯವನು.

ಕಾ: ವಿಧಿ ಎಂದು ಹೇಳಿ ಮುಂದೆ ಹೋಗುವವರಿದ್ದಾರೆ. ವಿಧಿಗಿಂತ ಹಗುರ, ಆಕಸ್ಮಿಕಕ್ಕಿಂತ ಭಾರ. ಚಕ್ರದಂತೆ ತಿರುಗಿ ಬರುವಂಥದ್ದು.

ಕಾ-ಟೆಟ್: ಕಾ ಕಟ್ಟಿಹಾಕಿದ ಗುಂಪು. ಇದಕ್ಕೆ ‘ಋಣಾನುಬಂಧ’ಕ್ಕಿಂತ ಒಳ್ಳೆಯ ಅರ್ಥ ಯಾವ ನಿಘಂಟಿನಲ್ಲೂ ಸಿಗಲಾರದು. ರಕ್ತಸಂಬಂಧವಿಲ್ಲ, ಆರಿಸಿಕೊಂಡ ಗೆಳೆತನವೂ ಅಲ್ಲ, ಬಿಡಿಸಿಕೊಳ್ಳಲಾಗದು.

ಬೀಮ್: ಗೋಪುರವನ್ನು ಎತ್ತಿ ಹಿಡಿದಿರುವ ಕಾಣದ ಶಕ್ತಿರೇಖೆ. ಒಟ್ಟು 6. ಒಂದೊಂದರ ಎರಡೂ ತುದಿಗೆ ಒಬ್ಬೊಬ್ಬ ಕಾವಲುಗಾರ, ಹಾಗಾಗಿ 12 ಕಾವಲುಗಾರರು, ಎಲ್ಲರೂ ಪ್ರಾಣಿಗಳು. ಕರಡಿಯಿದೆ, ಆಮೆಯಿದೆ, ಆನೆಯಿದೆ. ದಿಗ್ಗಜಗಳನ್ನೂ ಕೂರ್ಮವನ್ನೂ ಕೇಳಿ ಬೆಳೆದವರಿಗೆ ಈ ಏರ್ಪಾಡು ಹೊಸದಲ್ಲ. ಆ ಕರಡಿ ಮಾತ್ರ ಅರ್ಧ ಯಂತ್ರ.

ಸಾಯ್: ಗೌರವದ ಸಂಬೋಧನೆ. ಹೆಸರಿನ ಹಿಂದೆಯೋ ಮುಂದೆಯೋ ಬರುತ್ತದೆ. ಗಂಡಸರಿಗೂ ಹೆಂಗಸರಿಗೂ ಒಂದೇ. ನಮ್ಮ ‘ಅವರೇ’ ಇದ್ದ ಹಾಗೆ.

ಇಷ್ಟು ಸಾಕು. ಉಳಿದ ಪದಗಳಿಗೆ ಗೂಗಲ್ ಮಾಡಬೇಡಿ. ಸರಣಿಯ ಒಂದು ಪಾತ್ರದ ಹೆಸರು ಹುಡುಕಿದರೆ ಸಾಕು, ಫಲಿತಾಂಶದ ಮೊದಲ ಸಾಲಿನಲ್ಲೇ ಅವನ ಸಾವು ಎದ್ದು ನಿಂತಿರುತ್ತದೆ.

5. ಮೊದಲ ಪುಸ್ತಕವನ್ನು ಸಹಿಸಿ

ಒಬ್ಬ ಮನುಷ್ಯ ಇನ್ನೊಬ್ಬನನ್ನು ಮರುಭೂಮಿಯಲ್ಲಿ ಹಿಂಬಾಲಿಸುತ್ತಾನೆ. ಯಾಕೆಂದು ಹೇಳುವುದಿಲ್ಲ. ಹಳೆಯ ಕಥೆ ನಡುವೆ ನುಗ್ಗುತ್ತದೆ, ಅದರೊಳಗೆ ಇನ್ನೊಂದು. ಹಾಳೂರಿನ ಸಾರಾಯಿ ಅಂಗಡಿಯಲ್ಲಿ ಪಿಯಾನೋ ಮೇಲೆ ಬೀಟಲ್ಸ್ ಹಾಡು ಬರುತ್ತದೆ. ಇದು ನಮ್ಮ ಲೋಕವೇ, ಬೇರೆಯದೇ, ಮುಂದಿನ ಕಾಲವೇ ಎಂದು ತಲೆ ಕೆರೆದುಕೊಳ್ಳುತ್ತೀರಿ. ಕೆರೆದುಕೊಳ್ಳಿ, ಉತ್ತರ ಹುಡುಕಬೇಡಿ. ಗೊತ್ತಿಲ್ಲದೆ ನಡೆಯುವುದೇ ಈ ಪುಸ್ತಕದ ಸುಖ. ಪಾಳುಬಿದ್ದ ಊರನ್ನು ಹೊಕ್ಕವನಿಗೆ ಬೋರ್ಡು ಓದಿ ಹೇಳುವವರು ಇರುವುದಿಲ್ಲ.

ಆದರೂ ಒಪ್ಪಿಕೊಳ್ಳಬೇಕು, ಏಳರಲ್ಲಿ ತೆಳುವಾದ ಇದೇ ಏಳರಲ್ಲಿ ಒರಟಾದದ್ದು. ಇಪ್ಪತ್ತೆರಡರ ಹುಡುಗ ಗಂಭೀರವಾಗಿ ಬರೆಯಲು ಹೊರಟಾಗ ಭಾಷೆ ಬಿಗಿಯುವ ಹಾಗೆ ಇಲ್ಲೂ ಬಿಗಿದಿದೆ. ಹಾಗಾಗಿ ನಿರ್ಧಾರವನ್ನು ಇಲ್ಲಿ ಮಾಡಬೇಡಿ, ಎರಡನೆಯದರ ನೂರನೆಯ ಪುಟದಲ್ಲಿ ಮಾಡಿ. ಎರಡನ್ನೂ ಒಟ್ಟಿಗೆ ಕೊಳ್ಳಿ ಎಂದದ್ದು ಇದಕ್ಕೇ. ಎರಡನೆಯದು ಕಡಲ ತೀರದಲ್ಲಿ, ತೊಡಗಿದ ಕೆಲವೇ ಪುಟಗಳಲ್ಲಿ ನಾಯಕನ ಬಲಗೈಯ ಎರಡು ಬೆರಳು ತೆಗೆದುಬಿಡುತ್ತದೆ. ಕೋವಿಯಿಂದಲೇ ಬದುಕುವವನ ಕೈ ಅದು. ಆಮೇಲೆ ತೀರದ ಮೇಲೆ ಆಧಾರವೇ ಇಲ್ಲದೆ ನಿಂತ ಒಂದು ಬಾಗಿಲು, ಅದರಾಚೆ 1987ರ ನ್ಯೂಯಾರ್ಕ್. ಇಲ್ಲಿಯೂ ಮನಸ್ಸು ಹಿಡಿಯದಿದ್ದರೆ ಎರಡನ್ನೂ ಅಂಗಡಿಗೆ ವಾಪಸ್ ಮಾರಿಬಿಡಿ, ಬೇಸರ ಬೇಡ.

ಎರಡನೆಯದರಲ್ಲಿ ಒಂದು ಪಾತ್ರದ ಮಾತು ಉಚ್ಚಾರಣೆಗೆ ತಕ್ಕಂತೆ ಅಕ್ಷರ ಮುರಿದು ಬರೆದದ್ದು, ಓದುವುದು ಕಷ್ಟ. ಕಣ್ಣಿನಲ್ಲಿ ಓದಬೇಡಿ, ಬಾಯಲ್ಲಿ ಓದಿ, ತಾನಾಗಿ ಬಿಡಿಸಿಕೊಳ್ಳುತ್ತದೆ.

6. ಮೂರು, ನಾಲ್ಕು: ಜನ ಕೈಬಿಡುವ ಜಾಗ

ಮೂರನೆಯದು ಓಡುತ್ತದೆ. ಅದರಲ್ಲಿ ಬ್ಲೇನ್ ಎಂಬ ಮಾತಾಡುವ ಮಾನೊರೈಲ್, ಅಂದರೆ ಒಂದೇ ಕಂಬಿಯ ರೈಲು, ಬರುತ್ತದೆ. ಗುಲಾಬಿ ಬಣ್ಣ, ತಲೆಕೆಟ್ಟ ಬುದ್ಧಿವಂತ, ಒಗಟಿನ ಹುಚ್ಚು. ಯಕ್ಷಪ್ರಶ್ನೆಯನ್ನು ತಿರುಗಿಸಿ ಹಾಕಿದ ಹಾಗೆ, ಇಲ್ಲಿ ಪ್ರಾಣ ಉಳಿಸಿಕೊಳ್ಳಲು ಮನುಷ್ಯರು ಒಗಟು ಕೇಳಬೇಕು, ಯಂತ್ರ ಉತ್ತರಿಸಬೇಕು. ಪುಸ್ತಕ ಅಲ್ಲೇ, ರೈಲು ಓಡುತ್ತಿರುವಾಗಲೇ ಮುಗಿಯುತ್ತದೆ. 1991ರ ಓದುಗರು ಮುಂದಿನದಕ್ಕೆ ಆರು ವರ್ಷ ಕಾದರು. ನೀವು ನಾಲ್ಕನೆಯದನ್ನು ಪಕ್ಕದಲ್ಲಿಟ್ಟುಕೊಂಡೇ ಮೂರನೆಯದರ ಕೊನೆಯ ಅಧ್ಯಾಯಕ್ಕೆ ಹೋಗಿ.

ನಾಲ್ಕನೆಯದು ಆ ಒಗಟನ್ನು ಬೇಗ ಮುಗಿಸಿ, ಆಮೇಲೆ ನೂರಾರು ಪುಟ ರೋಲೆಂಡ್‌ನ 14ನೇ ವಯಸ್ಸಿನ ಕಥೆಗೆ ಕೂರಿಸುತ್ತದೆ. ಗೋಪುರದ ಕಡೆಗೆ ಒಂದು ಹೆಜ್ಜೆಯೂ ಇಲ್ಲ. ಓದುಗರು ಸಿಡುಕುವುದು ಇಲ್ಲೇ. ಅರಣ್ಯಪರ್ವದಲ್ಲಿ ಪಾಂಡವರು ಕಾಡಿನಲ್ಲಿದ್ದಾಗ ನಳದಮಯಂತಿಯ ಕಥೆ ಶುರುವಾದರೆ ‘ಯುದ್ಧ ಯಾವಾಗ’ ಎಂದು ಯಾರೂ ಕೇಳುವುದಿಲ್ಲವಲ್ಲ, ಆ ಮನಸ್ಸಿನಲ್ಲಿ ಓದಿ. ಇದನ್ನೊಂದು ಬಿಡಿ ಕಾದಂಬರಿ ಎಂದುಕೊಂಡು, ಹಿಂದೆ ಮುಂದೆ ಒಂದೊಂದು ವಾರ ಬಿಡುವು ಕೊಡಿ. ನನ್ನ ಲೆಕ್ಕದಲ್ಲಿ ಏಳರಲ್ಲಿ ಇದೇ ಮೇಲು, ಒಪ್ಪದವರೂ ಅಷ್ಟೇ ಇದ್ದಾರೆ.

ಎರಡರಿಂದ ಐದರವರೆಗೆ ಪುಸ್ತಕದ ಆರಂಭದಲ್ಲಿ ಹಿಂದಿನ ಕಥೆಯ ಸಾರಾಂಶ ಕೊಡುವ ರೂಢಿಯಿದೆ. ನಡುವೆ ಎರಡು ತಿಂಗಳು ಬಿಟ್ಟುಹೋದರೆ ಅದೇ ಸಾಕು, ಹಿಂದಿನದನ್ನು ಮತ್ತೆ ಓದುವ ಅಗತ್ಯವಿಲ್ಲ. ಹಿಂದಿನದನ್ನು ಓದಿರದಿದ್ದರೆ ಮಾತ್ರ ಆ ಪುಟಗಳನ್ನು ಕ್ಲಿಪ್ ಹಾಕಿ ಮುಚ್ಚಿಡಿ.

7. ಐದಕ್ಕೆ ಮುಂಚೆ ಒಂದು ಬೇರೆ ಪುಸ್ತಕ

ಕಿಂಗ್‌ನ ಹತ್ತಾರು ಪುಸ್ತಕಗಳು ಈ ಗೋಪುರಕ್ಕೆ ತಗುಲಿಕೊಂಡಿವೆ. ಎಲ್ಲ ಓದಿಯೇ ಮುಂದೆ ಹೋಗುತ್ತೇನೆ ಎಂದರೆ ವರ್ಷಗಳು ಬೇಕು. ಒಂದನ್ನು ಮಾತ್ರ ತಪ್ಪಿಸಬೇಡಿ: ‘ಸೇಲಮ್ಸ್ ಲಾಟ್’ (1975). ಅದರ ಪಾದ್ರಿ ಐದನೆಯದರಲ್ಲಿ ಮತ್ತೆ ಬರುತ್ತಾನೆ, ಬಂದು ಆ ಪುಸ್ತಕದ ಅಂತ್ಯವನ್ನೆಲ್ಲ ಹೇಳಿಬಿಡುತ್ತಾನೆ. ಬಿಡುವಿದ್ದರೆ ನಾಲ್ಕಕ್ಕೆ ಮುಂಚೆ ‘ದಿ ಸ್ಟ್ಯಾಂಡ್’, ಏಳಕ್ಕೆ ಮುಂಚೆ ‘ಹಾರ್ಟ್ಸ್ ಇನ್ ಅಟ್ಲಾಂಟಿಸ್’ ಸಂಕಲನದ ಮೊದಲ ನೀಳ್ಗಥೆ. ಇಷ್ಟೇ.

8. ಐದು, ಆರು, ಏಳು: ಒಂದೇ ಉಸಿರಿನಲ್ಲಿ

1999ರ ಜೂನ್ 19ರಂದು ಮೇಯ್ನ್ ರಾಜ್ಯದಲ್ಲಿ ರಸ್ತೆಬದಿ ನಡೆದು ಹೋಗುತ್ತಿದ್ದ ಕಿಂಗ್‌ಗೆ ವ್ಯಾನ್ ಗುದ್ದಿತು, ಸಾವಿನ ಅಂಚಿಗೆ ಹೋಗಿ ಬಂದ. ಮುಗಿಸದೆ ಸಾಯಬಹುದಿತ್ತು ಎಂಬ ಅರಿವಿನಿಂದ ಕೊನೆಯ ಮೂರೂ ಒಟ್ಟಿಗೆ ಬರೆದು, 2003ರ ನವೆಂಬರ್‌ನಿಂದ 2004ರ ಸೆಪ್ಟೆಂಬರ್ ಒಳಗೆ ಹೊರತಂದ. ಅಪಘಾತದ ಆ ದಿನಾಂಕ ನಿಮ್ಮ ನೋಟ್‌ಬುಕ್ಕಿನಲ್ಲಿರಲಿ, ಬೇಕಾಗುತ್ತದೆ.

ಮೂರೂ ಒಂದೇ ಕಾದಂಬರಿಯ ತುಂಡುಗಳು, ನಡುವೆ ಬೇರೆ ಪುಸ್ತಕ ಹಿಡಿಯಬೇಡಿ. ಒಂದು ಚಿಕ್ಕ ಗುಟ್ಟು ಬಿಡುತ್ತೇನೆ, ಬೇಡದವರು ಈ ಪ್ಯಾರಾ ಹಾರಿಸಿ. ಆರನೆಯದರಲ್ಲಿ ಬರೆಯುವವನೇ ಕಥೆಯೊಳಗೆ ಕಾಲಿಡುತ್ತಾನೆ. ಇದನ್ನು ಮೋಸ ಎಂದು ಪುಸ್ತಕ ಎಸೆದವರಿದ್ದಾರೆ. ವ್ಯಾಸರು ತಾವೇ ಧೃತರಾಷ್ಟ್ರ, ಪಾಂಡುವಿಗೆ ತಂದೆಯಾಗಿ, ಬೇಕೆಂದಾಗ ಬಂದು ಬುದ್ಧಿ ಹೇಳಿ ಹೋಗುವ ಕಥೆ ಕೇಳಿದವರಿಗೆ ಇಷ್ಟು ಸಿಟ್ಟು ಬರಬೇಕಿಲ್ಲ.

ಏಳನೆಯದರ ತೂಕ ನೋಡಿ ಮೆಟ್ರೋ ಯೋಜನೆ ಮಾಡಿಕೊಳ್ಳಿ. ಬೆಳಿಗ್ಗೆ ಒಂಬತ್ತರ ನೇರಳೆ ಮಾರ್ಗದಲ್ಲಿ ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ಇದು ಆಗದ ಮಾತು. ಪ್ರಯಾಣಕ್ಕೆ ಕಿಂಡಲ್ ಅಥವಾ ಆಡಿಯೋ, ಮನೆಗೆ ಪುಸ್ತಕ. ಆಡಿಯೋದಲ್ಲಿ 2, 3, 4 ಓದಿದ್ದು ಫ್ರಾಂಕ್ ಮುಲ್ಲರ್. 2001ರ ಬೈಕ್ ಅಪಘಾತದ ಬಳಿಕ ಅವರಿಗೆ ಮತ್ತೆ ಓದಲಾಗಲಿಲ್ಲ, ಐದನೆಯ ಪುಸ್ತಕ ಅವರಿಗೇ ಅರ್ಪಣೆ. ಉಳಿದವನ್ನು ಜಾರ್ಜ್ ಗೈಡಾಲ್, ನಾಲ್ಕೂವರೆಯನ್ನು ಸ್ವತಃ ಕಿಂಗ್ ಓದಿದ್ದಾರೆ. ದನಿ ಬದಲಾದಾಗ ಮೊದಲ ಒಂದು ಗಂಟೆ ಕಿವಿ ಒಪ್ಪುವುದಿಲ್ಲ, ಆಮೇಲೆ ಒಗ್ಗುತ್ತದೆ.

ಜೊತೆಗೆ ಓದುವವರು ಬೇಕಿದ್ದರೆ ಶನಿವಾರ ಬೆಳಿಗ್ಗೆ ಕಬ್ಬನ್ ಪಾರ್ಕಿನಲ್ಲಿ ಚಾಪೆ ಹಾಸಿ ಮೌನವಾಗಿ ಓದುವ ಗುಂಪು ಸೇರುತ್ತದೆ. ಇಬ್ಬರು ಬೇರೆ ಬೇರೆ ಆವೃತ್ತಿ ಹಿಡಿದಿದ್ದರೆ ಪುಟಸಂಖ್ಯೆ ತಾಳೆಯಾಗುವುದಿಲ್ಲ. ಕಿಂಗ್ ಅಧ್ಯಾಯದೊಳಗೆ ಉಪವಿಭಾಗಗಳಿಗೆ ಸಂಖ್ಯೆ ಹಾಕಿರುತ್ತಾನೆ, ಅದನ್ನೇ ಹೇಳಿಕೊಳ್ಳಿ.

9. ಕೊನೆಯ ಬಾಗಿಲಲ್ಲಿ

ಏಳನೆಯದರ ಕಡೆಯ ಪುಟಗಳಿಗೆ ಸ್ವಲ್ಪ ಮುಂಚೆ ಕಿಂಗ್ ಕಥೆ ನಿಲ್ಲಿಸಿ ನೇರವಾಗಿ ಓದುಗರ ಜೊತೆ ಮಾತಿಗಿಳಿಯುತ್ತಾನೆ. ಇಲ್ಲಿಗೇ ನಿಲ್ಲಿಸಿದರೆ ಒಳ್ಳೆಯದು ಎನ್ನುತ್ತಾನೆ. ತಮಾಷೆಯಲ್ಲ. ಅಲ್ಲಿ ಪುಸ್ತಕ ಮುಚ್ಚಿ, ಮಲಗಿ. ಮರುದಿನ ಬೇಕೆನಿಸಿದರೆ ತೆರೆಯಿರಿ. ರಾತ್ರಿ ಒಂದು ಗಂಟೆಗೆ ಕಣ್ಣೆಳೆಯುತ್ತಾ ಓದಿ ಮುಗಿಸಿದವರೇ ಅಂತ್ಯವನ್ನು ಹೆಚ್ಚಾಗಿ ಬೈಯುವುದು.

ಓದಿ ಮುಗಿಸಿದ ದಿನವೇ ‘ದಿ ಗನ್‌ಸ್ಲಿಂಗರ್’ ತೆಗೆದು ಮೊದಲ ಉಪವಿಭಾಗವನ್ನು ಇನ್ನೊಮ್ಮೆ ಓದಿ, ಎರಡೇ ಪುಟ. ಕಪಾಟಿನಲ್ಲಿ ಜಾಗವಿಲ್ಲವೆಂದು ಎರಡರಿಂದ ಆರರವರೆಗೆ ಚರ್ಚ್ ಸ್ಟ್ರೀಟಿಗೆ ಮಾರಿದರೂ ಪರವಾಗಿಲ್ಲ, ಮೊದಲನೆಯದನ್ನು ಅಲ್ಲಿಯವರೆಗೆ ಯಾರಿಗೂ ಓದಲು ಕೊಡಬೇಡಿ. ಕೊಟ್ಟ ಪುಸ್ತಕ ಈ ಊರಲ್ಲಿ ವಾಪಸ್ ಬರುವುದಿಲ್ಲ.